ಬಣ್ಣ ಬಳಿದ ಕಾವು ಮುಟ್ಟದಾಕೆ

ಸೌದೆ ವ್ಯಾಪಾರಕ್ಕೆ ಇಳಿಯಬೇಕೆಂದು ನನ್ನ ಹತ್ತಿರ ಸಲಹೆ ಕೇಳಿಕೊಂಡು ಬರುವವರೆಲ್ಲ ಮೊದಲು ಮರದ ರೇಟು ಕೇಳುತ್ತಾರೆ, ಆಮೇಲೆ ಲಾರಿ ಬಾಡಿಗೆ ಕೇಳುತ್ತಾರೆ. ಕೊಡಲಿ, ಗಡಾರಿ, ಕೈಗಾಡಿಯ ಮಾತು ಯಾರೂ ಎತ್ತುವುದಿಲ್ಲ. ಅಂಗಡಿಗೆ ಹೋದರೆ ಸಿಗುತ್ತವಲ್ಲ ಎಂಬ ಧೈರ್ಯ. ಅಂಥವರಿಗೆ ನಾನು ಹೇಳುವುದಿಷ್ಟು: ಮರ ಆರಿಸುವುದರಲ್ಲಿ ತಪ್ಪಿದರೆ ಒಂದು ಲೋಡು ಹೋಗುತ್ತದೆ, ಕೊಡಲಿಯ ಕಾವು, ಅಂದರೆ ಮರದ ಹಿಡಿ, ಆರಿಸುವುದರಲ್ಲಿ ತಪ್ಪಿದರೆ ಒಬ್ಬ ಮನುಷ್ಯನ ಕಾಲು ಹೋಗುತ್ತದೆ. ಈ ಮಾತು ನನ್ನದಲ್ಲ. ಚಿಕ್ಕಬಾಣಾವರದ ನನ್ನ ಡಿಪೋದಲ್ಲಿ ವರ್ಷಗಟ್ಟಲೆ ದಿಮ್ಮಿ ಉರುಳಿಸಿ, ಹೋದ ತಿಂಗಳು ಕೆಲಸ ಬಿಟ್ಟ ಒಬ್ಬಾಕೆಯದು.

ಕೆಲಸ ಬಿಟ್ಟಳು ಎಂದರೆ ಆಕೆ ಒಪ್ಪುವುದಿಲ್ಲ. "ನಾ ಬಿಟ್ಟಿಲ್ರಿ ಅಕ್ಕಾರ. ಮೊಣಕಾಲು ರಾಜೀನಾಮಿ ಕೊಟ್ಟಾವು," ಎನ್ನುತ್ತಾಳೆ. ಈಗಲೂ ನಾನು ಸೌದೆ ಒಟ್ಟಿದ ಫೋಟೋ ಕಳಿಸಿದರೆ ಐದು ನಿಮಿಷದೊಳಗೆ ವಾಯ್ಸ್ ಮೆಸೇಜು ಬರುತ್ತದೆ. "ಎಡಗಡಿ ಮೂಲಿ ಹೊಟ್ಟಿ ಬಿಟ್ಟೈತಿ ನೋಡ್ರಿ. ಯಾರು ಒಟ್ಟಿದ್ದು? ಅವರಿಗೆ ಮೊದಲ ಊಟ ಹಾಕ್ರಿ, ಆಮ್ಯಾಲ ಬೈರಿ." ನೋಡಿದರೆ ಎಡಗಡೆ ಮೂಲೆ ನಿಜವಾಗಿಯೂ ಉಬ್ಬಿರುತ್ತದೆ.

ಆಕೆಯ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಸಂಕೋಚಕ್ಕಲ್ಲ. ಬರೆದರೆ ನಾಳೆ ಬೆಳಗಾಗುವಷ್ಟರಲ್ಲಿ ಬೇರೆ ಡಿಪೋದವರು ಆಕೆಯ ಬಾಗಿಲಲ್ಲಿ ನಿಂತು, "ಅಮ್ಮ, ನೀವು ಕೆಲಸ ಮಾಡೋದು ಬೇಡ, ಬಂದು ಕುರ್ಚಿ ಮೇಲೆ ಕೂತ್ಕೊಂಡು ಹೇಳಿದ್ರೆ ಸಾಕು," ಎನ್ನುತ್ತಾರೆ. ಆಕೆ ಹೋದರೂ ಹೋದಾಳು. ಆ ಕುರ್ಚಿಯನ್ನು ನಾನೇ ಹಾಕಬೇಕೆಂದು ಚೌಕಾಸಿ ನಡೆಸಿದ್ದೇನೆ, ಇನ್ನೂ ಕುದುರಿಲ್ಲ.

ಚೌಕಾಸಿ ನನ್ನ ಕಸುಬು. ಪೀಣ್ಯದ ಫ್ಯಾಕ್ಟರಿಗಳ ಹಿಂದೆ ಬಿಸಾಕುತ್ತಿದ್ದ ಪ್ಯಾಕಿಂಗ್ ಪೆಟ್ಟಿಗೆಯ ಪಟ್ಟಿಗಳನ್ನು ತಳ್ಳುಗಾಡಿಯಲ್ಲಿ ತುಂಬಿ ಬೇಕರಿಗಳಿಗೆ ಮಾರುತ್ತ ಶುರು ಮಾಡಿದವಳು ನಾನು. ಈಗ ನನ್ನ ಸೌದೆ ಮದುವೆ ಛತ್ರಗಳಿಗೆ ಹೋಗುತ್ತದೆ, ಸೌದೆ ಒಲೆ ಬಿರಿಯಾನಿ ಎಂದು ಬೋರ್ಡು ಹಾಕಿದ ಹೋಟೆಲುಗಳಿಗೆ ಹೋಗುತ್ತದೆ. ಕುಂದಲಹಳ್ಳಿಯ ಕಡೆ ಜನ ಕ್ಯೂ ನಿಂತು ತಿನ್ನುವ ಪಿಜ್ಜಾದ ಕೆಳಗೂ ನನ್ನ ಸೌದೆಯೇ ಉರಿಯುವುದು. ಇಷ್ಟೆಲ್ಲ ಕೊಂಡು ಮಾರಿದ ನನ್ನನ್ನು ಮಾತಿನಲ್ಲಿ ಕಟ್ಟಿಹಾಕಿದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಮೊದಲನೆಯವಳು ಆಕೆ.

ಬಂದ ದಿನವೇ ಕಟ್ಟಿಹಾಕಿದಳು. ನಾನು ಲಾರಿ ಲೋಡು ಮಾಡಿಸುತ್ತ ನಿಂತಿದ್ದೆ. ಗೇಟಿನಿಂದ ಒಬ್ಬ ಎತ್ತರದ ಹೆಂಗಸು ಬಂದಳು. ಕಚ್ಚೆ ಬಿಗಿದ ಇಳಕಲ್ ಸೀರೆ, ಮೇಲೊಂದು ಗಂಡಸರ ಫುಲ್ ತೋಳಿನ ಶರ್ಟು. ಬಂದವಳು ನನ್ನ ಕಡೆ ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಗಡಾರಿ, ಕೊಡಲಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಕೆಲವನ್ನು ಮುಖ ಸಿಂಡರಿಸಿ ಕೆಳಗಿಟ್ಟಳು.

"ಏನಮ್ಮ, ಕೆಲಸ ಕೇಳೋಕ್ ಬಂದ್ಯಾ, ಹೆಣ್ಣು ನೋಡೋಕ್ ಬಂದ್ಯಾ?" ಅಂದೆ.

"ಕೆಲಸಾನ ಕೇಳಾಕ ಬಂದೀನ್ರಿ. ಆದ್ರ ತಲಿ ಮ್ಯಾಲ ಏನೂ ಹೊರಂಗಿಲ್ಲ. ಅದೊಂದ ಬಿಟ್ಟು ಏನ್ ಬೇಕಾದ್ರೂ ಹೇಳ್ರಿ."

ನಮ್ಮ ಡಿಪೋಗಳಲ್ಲಿ ಒಂದು ಪದ್ಧತಿ ಇತ್ತು. ಗಂಡಸರು ದಿಮ್ಮಿಯ ಕಡೆ, ಹೆಂಗಸರು ಹೊರೆಯ ಕಡೆ. ಸೀಳಿದ ಸೌದೆಯನ್ನು ಕಟ್ಟಿ ತಲೆಯ ಮೇಲೆ ಹೊತ್ತು ಲಾರಿಗೆ ಹಾಕುವುದು ಹೆಂಗಸರ ಪಾಲಿನದು. ಯಾರು ಮಾಡಿದ ಕಟ್ಟಳೆಯೋ, ಯಾರೂ ಕೇಳಿರಲಿಲ್ಲ.

"ಸೌದೆ ಡಿಪೋಗ್ ಬಂದು ಹೊರಲ್ಲ ಅಂದ್ರೆ ಹೆಂಗಮ್ಮ. ಹೋಟ್ಲು ಕೆಲಸಕ್ ಹೋಗಿ ಲೋಟ ಮುಟ್ಟಲ್ಲ ಅಂದಂಗಾಯ್ತು."

"ನಿಮ್ಮ ಗಂಡಸರು ದಿಮ್ಮಿ ತಲಿ ಮ್ಯಾಲ ಹೊರ್ತಾರೇನ್ರಿ?"

"ಅದನ್ನ ಯಾರ್ ಹೊರಕ್ಕಾಗುತ್ತೆ. ಉರುಳಿಸ್ತಾರೆ."

"ಉಳ್ಳಸೂದು ನನಗೂ ಬರ್ತೈತಿ."

ಪಕ್ಕದಲ್ಲಿದ್ದ ನಮ್ಮ ಮೇಸ್ತ್ರಿ ನಕ್ಕರು. ಮೇಸ್ತ್ರಿ ಇದೇ ಊರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಬಾಡಿಗೆ ರೂಮುಗಳ ಸಾಲು ನಿಂತಿದೆ, ಕೂತು ಉಣ್ಣಬಹುದು. ಆದರೆ ಬೆಳಗಾದರೆ ಕೊಡಲಿ ಹಿಡಿಯದಿದ್ದರೆ ಅವರಿಗೆ ಅನ್ನ ಸೇರುವುದಿಲ್ಲ.

"ಗಡಾರಿ ಇಡಿಯೋದು ಅಂದ್ರೆ ಮುದ್ದೆ ಕೋಲು ತಿರುವ್ದಂಗಲ್ಲ ಕಣಮ್ಮೋ," ಅಂದರು.

"ನಾವು ರೊಟ್ಟಿ ತಿನ್ನೂ ಮಂದಿ ಅಣ್ಣಾ. ಮುದ್ದಿ ಕೋಲು ನಾ ನೋಡೇ ಇಲ್ಲ. ಹಾರಿ ನೋಡೀನಿ." ಗಡಾರಿಗೆ ಆಕೆಯ ಕಡೆ ಹಾರಿ ಅನ್ನುತ್ತಾರೆ. ಆಕೆ ಮುದ್ದೇಬಿಹಾಳದ ಕಡೆಯವಳು.

ಆಮೇಲೆ ತಿಳಿದದ್ದು: ಅಪಾರ್ಟ್‌ಮೆಂಟು ಕಟ್ಟುವಲ್ಲಿ ವರ್ಷಗಟ್ಟಲೆ ಜಲ್ಲಿ ಬಾಂಡ್ಲಿ ಹೊತ್ತು ಆಕೆಯ ಕತ್ತಿನ ಮೂಳೆ ಸವೆದಿತ್ತು. ಬೆರಳುಗಳು ಜೋಮು ಹಿಡಿಯುತ್ತಿದ್ದವು. ಇನ್ನು ತಲೆಯ ಮೇಲೆ ಭಾರ ಹೊತ್ತರೆ ಕೈಗಳೇ ಹೋಗುತ್ತವೆ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಕೈಯೊಂದನ್ನೇ ನಂಬಿ ಇಷ್ಟು ದೂರ ಬಂದವಳು. ಅತ್ತಿಬೆಲೆಯಿಂದ ಹಿಡಿದು ಇಲ್ಲಿಯವರೆಗೆ ಕೇಳಿದ ಕಡೆಯಲ್ಲೆಲ್ಲ ಒಂದೇ ಉತ್ತರ: ಹೆಂಗಸು ಅಂದಮೇಲೆ ಹೊರಬೇಕು. ನಾನು ಸೀಳಿದ ಸೌದೆ ಸಾಗಿಸಲು ಒಂದು ಕೈಗಾಡಿ ಕೊಟ್ಟು, ಸ್ವಲ್ಪ ದಿನ ನೋಡೋಣ ಅಂದೆ. ಪುಣ್ಯ ಬರಲಿ ಎಂದು ಕೊಟ್ಟದ್ದಲ್ಲ. ಆಕೆಯ ಮಾತಿನಲ್ಲಿ ನನಗೆ ಲಾಭದ ವಾಸನೆ ಬಡಿದಿತ್ತು.

ವಾಸನೆ ಸುಳ್ಳಾಗಲಿಲ್ಲ. ಕೈಗಾಡಿಯಲ್ಲಿ ನಮ್ಮವರು ಸೌದೆಯನ್ನು ಹಿಡಿಕೆಯ ಹತ್ತಿರ ಪೇರಿಸುತ್ತಿದ್ದರು, ಅಲ್ಲಿ ಕೈಗೆ ನಿಲುಕುತ್ತದೆಂದು. ಆಕೆ ಎಲ್ಲವನ್ನೂ ಮುಂದಕ್ಕೆ, ಗಾಲಿಯ ನೆತ್ತಿಗೆ ತಂದಳು. "ಭಾರ ಗಾಲಿ ಮ್ಯಾಲ ಇರ್ಲಿ, ರಟ್ಟಿ ಮ್ಯಾಲ ಬ್ಯಾಡ. ಗಾಲಿಗೆ ಬೆನ್ನುನೋವು ಬರಂಗಿಲ್ಲ." ಸಂದಿಯಲ್ಲಿ ತಿರುಗಿಸಬೇಕಾದರೆ ಒಂದು ಗಾಲಿಯದು, ಬಯಲಿನಲ್ಲಿ ಓಡಿಸಬೇಕಾದರೆ ಎರಡು ಗಾಲಿಯದು ಎಂದು ನನ್ನಿಂದ ಇನ್ನೊಂದು ಗಾಡಿ ಕೊಡಿಸಿದಳು. ನೀವು ಯಾರಾದರೂ ಡಿಪೋ ಇಡುವುದಾದರೆ ಎರಡನ್ನೂ ಇಡಿ.

ಆಕೆಯನ್ನು ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋಗುವುದೆಂದರೆ ಒಂದು ಹಬ್ಬ. ಕೊಡಲಿಯ ಕಾವನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಡೊಂಕು ನೋಡುವಳು. ತುದಿ ತಿರುಗಿಸಿ ಮರದ ಎಳೆ ಯಾವ ಕಡೆ ಓಡಿದೆ ನೋಡುವಳು. ಎಳೆ ಕೊಡಲಿಯ ಬಾಯಿ ಇದ್ದ ದಿಕ್ಕಿಗೇ ಓಡಬೇಕು; ಅಡ್ಡ ಓಡಿದರೆ ಏಟಿಗೆ ಸೀಳುತ್ತದೆ. ಗಡಾರಿಯನ್ನು ಕಲ್ಲಿಗೆ ತಾಗಿಸಿ ಕಿವಿ ಕೊಡುವಳು. ಠಣ್ ಎಂದು ಹಾಡಿದರೆ ಒಳ್ಳೆಯದು, ಮಂಕಾಗಿ ಸದ್ದು ಮಾಡಿದರೆ ಒಳಗೆಲ್ಲೋ ಬಿರುಕು. ಎತ್ತರ ಎದೆಯವರೆಗೆ ಸಾಕು. "ತಲಿಗಿಂತ ಎತ್ತರ ಇದ್ರ ನೀ ಅದನ್ನ ಎತ್ತಂಗಿಲ್ಲ, ಅದು ನಿನ್ನ ಎತ್ತತೈತಿ."

ಬಣ್ಣ ಬಳಿದ ಕಾವನ್ನು ಮಾತ್ರ ಆಕೆ ಕೈಯಲ್ಲೂ ಮುಟ್ಟುತ್ತಿರಲಿಲ್ಲ.

"ಅಮ್ಮ, ಇದು ಪಾಲಿಶ್ ಮಾಡಿರೋದು. ಎಕ್ಸ್‌ಪೋರ್ಟ್ ಮಾಲು," ಎಂದ ಅಂಗಡಿಯವನು ಒಮ್ಮೆ.

"ಹಂಗಾರ ಎಕ್ಸ್‌ಪೋರ್ಟ್ ಮಾಡ್ರಿ. ನಮಗ ಮರ ಕಾಣೂದು ಕೊಡ್ರಿ."

ಹೊರಗೆ ಬಂದಮೇಲೆ ನಾನು ಕೇಳಿದೆ, ಬಣ್ಣದ ಮೇಲೆ ನಿನಗೇನು ಸಿಟ್ಟು ಎಂದು. "ಬಣ್ಣ ಬಳದಾರ ಅಂದ್ರ ಏನೋ ಮುಚ್ಚಿಟ್ಟಾರ ಅಂತ ತಿಳೀರಿ ಅಕ್ಕಾರ. ಮುಚ್ಚೂದು ಏನೂ ಇರ್ಲಿಲ್ಲ ಅಂದ್ರ ಬಣ್ಣದ ಖರ್ಚು ಯಾಕ?" ಎಂದಳು. ವ್ಯಾಪಾರಿಗಳು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದ ಮಾತು.

ದಿಮ್ಮಿ ಎಳೆಯುವ ಕೊಕ್ಕೆಯನ್ನು ಆಕೆ ಅಂಗಡಿಯಲ್ಲಿ ಕೊಳ್ಳಲು ಒಪ್ಪಲೇ ಇಲ್ಲ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ನನ್ನನ್ನು ಎಳೆದುಕೊಂಡು ಹೋಗಿ, ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಿದಳು. ಅದರ ಮೂತಿ ಹಿಡಿದವರ ಮಣಿಕಟ್ಟಿನ ಕಡೆಗೆ ಬಾಗಿರಬೇಕಂತೆ. ಹೊರಕ್ಕೆ ಬಾಯ್ಬಿಟ್ಟರೆ ಮರ ಕಚ್ಚುವುದಿಲ್ಲ, ಜಾರಿ ಎಳೆಯುವವರ ಮೊಣಕಾಲನ್ನೇ ಕಚ್ಚುತ್ತದಂತೆ. ವೆಲ್ಡರ್ ಮೂರು ಸಲ ಕಾಯಿಸಿ ಬಗ್ಗಿಸಿದ. ನಾನು ನನ್ನ ಅಭ್ಯಾಸದಂತೆ ರೇಟು ಎಳೆಯತೊಡಗಿದೆ. ಪಟ್ಟಿ ಸಣ್ಣದಾದರೆ ಕಡಿಮೆ ಮಾಡ್ತೀನಿ ಮೇಡಂ ಎಂದ. ಆಕೆ ನಡುವೆ ಬಾಯಿ ಹಾಕಿದಳು: "ಅಕ್ಕಾರ, ರೊಕ್ಕ ಕಡಿಮಿ ಮಾಡಸ್ರಿ, ಬ್ಯಾಡ ಅನ್ನಂಗಿಲ್ಲ. ಕಬ್ಬಣ ಕಡಿಮಿ ಮಾಡಸಬ್ಯಾಡ್ರಿ." ಅಂದಿನಿಂದ ನಾನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಎರಡು ಸಲ ಯೋಚಿಸುತ್ತೇನೆ.

ಆ ಕೊಕ್ಕೆಯನ್ನು ಡಿಪೋದಲ್ಲಿ ಬಿಡದೆ ಹಳೆ ಟವೆಲಿನಲ್ಲಿ ಸುತ್ತಿ ದಿನಾ ಮನೆಗೆ ಒಯ್ಯುತ್ತಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದನಂತೆ, ಏನಮ್ಮ ಇದು, ಲಗೇಜಾ ಎಂದು. "ಲಗೇಜಲ್ರಿ, ನನ್ನ ಮೂರನೇ ಕೈ," ಎಂದಳಂತೆ. ಹಾಗಾದ್ರೆ ಕೈಗೂ ಟಿಕೆಟ್ ತಗೋ ಎಂದನಂತೆ. "ಹೆಂಗಸಿನ ಕೈ ಹೆಂಗಸ ರೀ. ಅದಕ್ಕೂ ಫ್ರೀನ ಹರೀರಿ." ಇದನ್ನು ಹೇಳುವಾಗ ಮೊದಲು ನಗುವವಳು ಆಕೆಯೇ.

ವಿನಯ ಆಕೆಗೆ ಗೊತ್ತಿರಲಿಲ್ಲ. ಸೌದೆ ಒಟ್ಟಿ ಮುಗಿಸಿ, ಹಿಂದೆ ಸರಿದು ನಿಂತು, ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಕರೆಯುವಳು. "ಬರ್ರಿ ಅಕ್ಕಾರ, ನೋಡ್ರಿ. ಇದನ್ನ ನೋಡಿ ಕಣ್ಣು ತಂಪಾಗಲಿಲ್ಲ ಅಂದ್ರ ಡಾಕ್ಟರ್ ಕಡೆ ಹೋಗ್ರಿ." ಹೊಗಳದಿದ್ದರೆ ಚಹಾ ಕುಡಿಯುತ್ತಿರಲಿಲ್ಲ. ಹೊಸಬರಿಗೆ ಪಾಠ ಹೇಳುವಾಗ ಒಂದೇ ಉಸಿರಿಗೆ ಹೇಳುವಳು: "ಹೊರಬ್ಯಾಡ, ಎತ್ತು. ಎತ್ತಬ್ಯಾಡ, ಉಳ್ಳಸು. ಉಳ್ಳಸಬ್ಯಾಡ, ಜಾರಸು. ಜಾರಸೂದೂ ಬ್ಯಾಡ, ಅದ ತಾನ ಬರೂಹಂಗ ಮಾಡು. ಆದ್ರ ಅದು ಬರೂ ದಾರ್ಯಾಗ ನೀ ನಿಂದರಬ್ಯಾಡ."

ಇವತ್ತು ನನ್ನ ಡಿಪೋದಲ್ಲಿ ಯಾರ ತಲೆಯ ಮೇಲೂ ಹೊರೆ ಏರುವುದಿಲ್ಲ. ಲಾರಿಗೆ ಹತ್ತಿಸಲು ಹಲಗೆಯ ಇಳಿಜಾರು ಇದೆ, ಗಾಡಿಗಳಿವೆ, ಕೊಕ್ಕೆಗಳಿವೆ. ಹೆಂಗಸರು ಗಡಾರಿ ಹಿಡಿಯುತ್ತಾರೆ. ಬೇರೆ ಡಿಪೋದವರು ಬಂದು ನೋಡಿ ಹೋಗುತ್ತಾರೆ. ನಾನು ಚಹಾ ಕೊಟ್ಟು ತೋರಿಸಿ ಕಳಿಸುತ್ತೇನೆ. ಇದು ಸುಮ್ಮನೆ ಬಂದದ್ದಲ್ಲ. ಒಂದು ದಸರಾದಲ್ಲಿ ಎಲ್ಲವೂ ಕೈತಪ್ಪುವುದರಲ್ಲಿತ್ತು.

ಆಗಿನ್ನೂ ಕೈಗಾಡಿ ಲಾರಿಯ ಬಾಯಿವರೆಗೆ ಬರುತ್ತಿತ್ತು, ಲಾರಿ ಹತ್ತುತ್ತಿರಲಿಲ್ಲ; ಅಲ್ಲಿಂದ ಮೇಲಕ್ಕೆ ತಲೆಹೊರೆಯೇ. ಕಾರ್ತಿಕದ ಮದುವೆಗಳು ಶುರುವಾದರೆ ದಿನಕ್ಕೆ ಎಷ್ಟು ಲೋಡು ಎಂದು ಹೇಳಲಾಗದು. ಮೇಸ್ತ್ರಿ ಹಬ್ಬಕ್ಕೆ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು.

"ಅಕ್ಕಾ, ಒಬ್ಳಿಗೆ ಗಾಡಿ, ಮಿಕ್ಕೋರಿಗೆ ಒರೆ ಅಂದ್ರೆ ನಾಳೆ ಎಲ್ರಿಗೂ ಕತ್ತುನೋವು ಬರ್ತದೆ. ಇವ್ಳು ಒರ್ಲಿ, ಇಲ್ಲ ಬೇರೆ ಕಡೆ ನೋಡ್ಕೊಳ್ಳಿ. ಇಂಗೆ ನಡ್ಸಕ್ಕಾಗಲ್ಲ."

"ದಿಮ್ಮಿ ಕಡೆ ಹಾಕಿದ್ರೆ?"

"ದಿಮ್ಮಿ ಕಡೆ ಎಂಗಸ್ರು ಬಂದ್ರೆ ನಾನ್ ಬರಲ್ಲ."

ಅವರನ್ನು ಬಿಟ್ಟರೆ ನನ್ನ ಡಿಪೋ ನಿಲ್ಲುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದೇ ವಾರ ಪೀಣ್ಯದ ಒಂದು ಫ್ಯಾಕ್ಟರಿಯ ಸೂಪರ್‌ವೈಸರ್ ಫೋನು ಮಾಡಿದ್ದರು. ಮಳೆಗೆ ದೊಡ್ಡ ಮಳೆಮರವೊಂದು ಬುಡಮೇಲಾಗಿ ಶೆಡ್ಡಿಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ ಬಿದ್ದಿದೆ. ಕೊಂಬೆ ಕಡಿದು, ಬೊಡ್ಡೆಯನ್ನು ಮೆಷಿನ್ ಗರಗಸದಲ್ಲಿ ಎರಡು ತುಂಡು ಮಾಡಿಸಿದ್ದಾರೆ. "ಕ್ರೇನ್ ಒಳಗ್ ಬರಲ್ಲ ಮೇಡಂ, ನೋಡಾಯ್ತು. ವಿಜಯದಶಮಿ ದಿನ ಫ್ಯಾಕ್ಟರಿ ರಜ. ಮಾರನೇ ದಿನ ಫಸ್ಟ್ ಶಿಫ್ಟ್‌ಗೆ ದಾರಿ ಕ್ಲಿಯರ್ ಆಗಿರ್ಬೇಕು."

ನಾನು ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು ವ್ಯಾಪಾರ ಕುದುರಿಸಿದೆ. ಈ ಒಂದು ಕೆಲಸಕ್ಕೆ ಈಕೆಯೂ ಬರುತ್ತಾಳೆ. ದಿಮ್ಮಿ ತರುವುದರಲ್ಲಿ ಈಕೆಯ ಕೈ ಇದೆ ಎಂದು ಮೇಸ್ತ್ರಿಯೇ ಒಪ್ಪಿದರೆ, ಅಂದಿನಿಂದ ಗಡಾರಿಯ ಕಡೆ. ಒಪ್ಪದಿದ್ದರೆ ಹೊರೆ ಹೊರಬೇಕು, ಇಲ್ಲವೇ ಲೆಕ್ಕ ಮುಗಿಸಿಕೊಂಡು ಹೋಗಬೇಕು.

"ಹೊರಿ ಅಂತೂ ಹೊರಂಗಿಲ್ರಿ," ಎಂದಳು ಆಕೆ. "ಅಂದ್ರ ನನಗ ಇರೂದು ಗೇಟ. ಆತು, ಒಪ್ಪಿದೆ."

ಮೇಸ್ತ್ರಿಯೂ ತಲೆಯಾಡಿಸಿದರು. ಒಪ್ಪುವುದು ಅವರ ಬಾಯಲ್ಲೇ ಇದ್ದ ಮೇಲೆ ಅವರಿಗೇನು ಭಯ.

ಆಯುಧ ಪೂಜೆಯ ದಿನ ಡಿಪೋ ನೋಡಬೇಕಿತ್ತು. ಮೇಸ್ತ್ರಿ ತಾವೇ ಹೋಗಿ ಹೊಸ ಕಾವುಗಳನ್ನು, ದಿಮ್ಮಿಯ ಕೆಳಗೆ ತೂರಿಸಿ ಮೀಟುವ ಮರದ ಸನ್ನೆಗೋಲುಗಳನ್ನು ತಂದಿದ್ದರು. ಎಲ್ಲಕ್ಕೂ ಅರಿಶಿನ ಕುಂಕುಮದ ಬಣ್ಣದ ಪೇಂಟು, ಗಡಾರಿಗಳಿಗೆ ಮೂತಿಯವರೆಗೂ ಸಿಲ್ವರ್ ಪೇಂಟು. ಮೇಲೆ ವಿಭೂತಿ, ಸೇವಂತಿಗೆ. ನಾನೂ ಹಿಗ್ಗಿ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಬೂದುಗುಂಬಳ ಒಡೆದು ಪುರಿ ಹಂಚಿದೆವು. ಆಕೆ ಎಲ್ಲದಕ್ಕೂ ಭಕ್ತಿಯಿಂದ ಕೈಮುಗಿದು, ಪುರಿ ಬಾಯಿಗೆ ಹಾಕಿಕೊಂಡು ನನ್ನ ಕಿವಿಯಲ್ಲಿ, "ಮದುವಿ ಹೆಣ್ಣಿನಂಗ ಕಾಣ್ತಾವ್ರಿ. ನಾಳೆ ಒಲಿ ಮುಂದ ಕುಂತಾಗ ಗೊತ್ತಾಕ್ಕೈತಿ," ಎಂದಳು.

ಮಾರನೆಯ ಬೆಳಿಗ್ಗೆ ಹೂವು ತೆಗೆದು ಸಾಮಾನು ಲಾರಿಗೆ ಹಾಕುವ ಹೊತ್ತಿಗೆ ಆಕೆ ಮೂಲೆಯಲ್ಲಿ ಕೂತು, ಒಡೆದ ಬಾಟಲಿಯ ಚೂರಿನಿಂದ ಒಂದು ಸನ್ನೆಗೋಲಿನ ಬಣ್ಣ ಕೆರೆಯುತ್ತಿದ್ದಳು. ಆಳುಗಳು ಬಾಯಿ ಬಿಟ್ಟುಕೊಂಡು ನಿಂತರು.

"ಪೂಜೆ ಮಾಡಿರೋದನ್ನ ಕೆರೀತಾವ್ಳಲ್ಲ ಇವ್ಳು," ಎಂದರು ಮೇಸ್ತ್ರಿ.

"ಕೈಮುಗದು ಕೇಳೇ ಕೆರ್ಯಾಕತ್ತೀನಿ ಅಣ್ಣಾ."

ಕೋಲಿನ ನಡುಮಧ್ಯದಲ್ಲಿ ಬಣ್ಣದ ಕೆಳಗಿಂದ ಪುಟ್ಟಿ ಉದುರಿತು. ಅದರ ಕೆಳಗೆ ಹೆಬ್ಬೆರಳು ಗಾತ್ರದ ಒಂದು ಗಂಟು.

ಮೇಸ್ತ್ರಿ ಬಗ್ಗಿ ನೋಡಿದರು. "ಗಂಟಿರೋ ಮರ ಗಟ್ಟಿ ಕಣಮ್ಮ. ನಮ್ಮಪ್ಪನ ಕಾಲದಿಂದ ನೋಡಿವ್ನಿ."

"ಕಂಬಕ್ಕ ಗಟ್ಟಿ ಅಣ್ಣಾ. ನಿಂತಿರೂ ಮರಕ್ಕ ಗಂಟು ಚಲೋನ. ಬಗ್ಗೂ ಮರಕ್ಕ ಬ್ಯಾಡ." ಹೀಗೆಂದು ಅದನ್ನು ಸೌದೆಯ ರಾಶಿಗೆ ಎಸೆದು, ಇನ್ನೊಂದನ್ನು ಎತ್ತಿಕೊಂಡು ಕೆರೆಯತೊಡಗಿದಳು. ಮೇಸ್ತ್ರಿ ರಾಶಿಯಿಂದ ಆ ಕೋಲನ್ನು ಎತ್ತಿ ತಂದು ಲಾರಿಗೆ ಹಾಕಿದರು.

ಓಣಿ ಇಕ್ಕಟ್ಟು, ನೆಲ ಮಳೆಗೆ ನೆನೆದು ಮುದ್ದೆಯಾಗಿತ್ತು. ತೊಗಟೆ ಕಳಚಿದ ಬೊಡ್ಡೆ ಎಣ್ಣೆ ಸವರಿದಂತೆ ನುಣ್ಣಗಿತ್ತು. ಆಕೆಗೆ ಹಿಂದೆ ನಿಂತು ಅಡೆ ಕೊಡುವ ಕೆಲಸ ಎಂದರು ಮೇಸ್ತ್ರಿ. ಅಂದರೆ ದಿಮ್ಮಿ ಹಿಂದಕ್ಕೆ ಉರುಳದಂತೆ ಮರದ ಚಕ್ಕೆ ಇಡುವುದು. ಆಕೆ ಹೋಗಿ ನಿಂತಳು. ಗಂಡಸರು ಗಡಾರಿ ತೂರಿಸಿ ಮೇಸ್ತ್ರಿಯ ಕೂಗಿಗೆ ಮೀಟಿದರು. ಪೇಂಟು ಬಳಿದ ಮೂತಿಗಳು ಹಸಿ ಮರದ ಮೇಲೆ ಜಾರಿದವು. ಮತ್ತೆ ಮೀಟಿದರು, ಮತ್ತೆ ಜಾರಿದವು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಅಂಗೈಗಳೂ ಬೆಳ್ಳಿಯಾಗಿದ್ದವು; ದಿಮ್ಮಿ ಮಾತ್ರ ಇದ್ದಲ್ಲೇ ಇತ್ತು. ಲಾರಿಗೆ ಚೈನು ಕಟ್ಟಿ ಎಳೆಯೋಣ ಎಂದ ಒಬ್ಬ. ಎಳೆದರೆ ಕಾಂಪೌಂಡ್ ಗೋಡೆಯೂ ಜೊತೆಗೆ ಬರುತ್ತದೆ ಎಂದೆ ನಾನು.

ಅಷ್ಟು ಹೊತ್ತು ಆಕೆ ಹಿಂದೆ ಸುಮ್ಮನೆ ನಿಂತಿರಲಿಲ್ಲ. ಖಾಲಿ ಇದ್ದ ಎರಡು ಗಡಾರಿಗಳ ಮೂತಿಯನ್ನು ಕಾಂಕ್ರೀಟಿಗೆ ಉಜ್ಜಿ ಉಜ್ಜಿ ಬರಿ ಕಬ್ಬಿಣ ಕಾಣುವಂತೆ ಮಾಡಿಟ್ಟಿದ್ದಳು. ಒಬ್ಬ ಆಳು ಅದನ್ನು ನೋಡಿ ಮೆಲ್ಲಗೆ ಬಂದು ತನ್ನದನ್ನೂ ಉಜ್ಜತೊಡಗಿದ. ಮೇಸ್ತ್ರಿಗೆ ಉರಿಯಿತು. ಆಕೆ ಎಸೆದಿದ್ದ ಆ ಗಂಟಿನ ಸನ್ನೆಗೋಲನ್ನೇ ಹುಡುಕಿ ತಂದು, ದಿಮ್ಮಿಯ ಕೆಳಗೆ ತೂರಿಸಿ, ಮೈಭಾರವನ್ನೆಲ್ಲ ಹಾಕಿ ಒತ್ತಿದರು. ದಿಮ್ಮಿ ಒಂದು ಬೆರಳಷ್ಟು ಎದ್ದಿತು. ಅವರ ಮುಖ ಅರಳುವಷ್ಟರಲ್ಲಿ ಕೋಲು ಚಟ್ ಎಂದು ಗಂಟಿನಲ್ಲೇ ಮುರಿಯಿತು. ಮೇಸ್ತ್ರಿ ಕೆಸರಿನಲ್ಲಿ ಕೂತಿದ್ದರು. ಎದ್ದಿದ್ದ ದಿಮ್ಮಿ ಕೆಳಗೆ ಬೀಳಲಿಲ್ಲ. ಅವರು ಎತ್ತಿದ ಆ ಒಂದು ಬೆರಳಿನ ಸಂದಿಗೆ ಆಕೆ ಆಗಲೇ ಚಕ್ಕೆ ನೂಕಿದ್ದಳು.

ಯಾರೂ ನಗಲಿಲ್ಲ. ಆಕೆ ಕೈಕೊಟ್ಟು ಅವರನ್ನು ಎಬ್ಬಿಸಿದಳು. ಬೆಳಿಗ್ಗೆ ತಾನು ಕೆರೆದು ನುಣುಪು ಮಾಡಿಕೊಂಡಿದ್ದ ಕೋಲನ್ನು ಅವರ ಕೈಗೆ ಕೊಟ್ಟು, ತಾನೊಂದು ಗಡಾರಿ ಎತ್ತಿಕೊಂಡಳು. "ಎತ್ತಿದ್ದು ನೀವ ಅಣ್ಣಾ. ನಾ ಚಕ್ಕಿ ಇಟ್ಟೆ ಅಷ್ಟ. ಹಿಂಗ ಮಾಡೂನು. ಒಂದು ಬೆರಳು ಎತ್ತೂದು, ಒಂದು ಚಕ್ಕಿ ಇಡೂದು."

ಮೇಸ್ತ್ರಿ ಕೋಲನ್ನು ಕಣ್ಣಿಗೆ ಹಿಡಿದು ನೋಡಿದರು. ತಿರುಗಿಸಿ ತುದಿಯನ್ನೂ ನೋಡಿದರು. ಕೆಸರು ಅಂಟಿದ ಕೈಯನ್ನು ಲುಂಗಿಗೆ ಒರೆಸಿಕೊಂಡರು.

"ಎಲ್ಲಿ ಮೀಟ್ಬೇಕು ನೀನ್ ಏಳ್ಕೊಡು," ಎಂದರು. "ಕೂಗೋದು ಮಾತ್ರ ನಾನೇ."

"ಕೂಗೂದು ನಿಮ್ದ ಅಣ್ಣಾ. ಆ ಗಂಟಲು ನನಗೆಲ್ಲಿ ಬರ್ಬೇಕು."

ಆಮೇಲೆ ನಾನು ಕಂಡದ್ದನ್ನು ಹೇಳಿದರೆ ಕ್ರೇನಿನವರು ನಂಬುವುದಿಲ್ಲ. ಬೆರಳು ಬೆರಳಾಗಿ ದಿಮ್ಮಿ ಮೇಲೆದ್ದಿತು. ಫ್ಯಾಕ್ಟರಿಯ ಹಳೆ ಪ್ಯಾಲೆಟ್ ಹಲಗೆಗಳನ್ನು ಕೆಸರಿನ ಮೇಲೆ ಹಾಸಿ, ಅದರ ಮೇಲೆ ನೀಲಗಿರಿಯ ಉರುಟು ತುಂಡುಗಳನ್ನು ಅಡ್ಡ ಇಟ್ಟು, ದಿಮ್ಮಿಯನ್ನು ಇಳಿಸಿದರು. ಹಿಂದಿನ ತುಂಡು ಹೊರಬಂದಂತೆ ಅದನ್ನೇ ತಂದು ಮುಂದೆ ಹಾಕಿದರು. ಮೇಸ್ತ್ರಿ ಕೂಗಿದರು, ಆಕೆ ಬೆರಳು ತೋರಿಸಿದಳು, ಆಳುಗಳು ನೂಕಿದರು. ಶೆಡ್ಡಿನ ಮೂಲೆಯಲ್ಲಿ ತಿರುಗಿಸಬೇಕಾಗಿ ಬಂತು. ಆಕೆ ಉಳಿದ ತುಂಡುಗಳನ್ನೆಲ್ಲ ತೆಗೆಸಿ, ದಿಮ್ಮಿಯ ಸರಿ ನಡುವೆ ಒಂದನ್ನೇ ಬಿಟ್ಟಳು. ತೂಗುತ್ತಿದ್ದ ದಿಮ್ಮಿಯ ತುದಿಗೆ ಕೊಕ್ಕೆ ಹಾಕಿ ಒಬ್ಬಳೇ ಎಳೆದಳು. ಅಷ್ಟು ದೊಡ್ಡ ಬೊಡ್ಡೆ ಗಡಿಯಾರದ ಮುಳ್ಳಿನಂತೆ ತಿರುಗಿತು. ಲಾರಿಗೆ ಎರಡು ಗಳಗಳನ್ನು ಓರೆಯಾಗಿ ಒರಗಿಸಿ, ಹಗ್ಗ ಬಳಸಿ ಮೇಲಿನಿಂದ ಎಳೆದರೆ, ಉರುಳುತ್ತ ಏರಿ ಕೂತಿತು. ಯಾರ ಹೆಗಲಿಗೂ ತಾಗಲಿಲ್ಲ, ಯಾರ ತಲೆಗೂ ತಾಗಲಿಲ್ಲ.

ಸಂಜೆಯ ಹೊತ್ತಿಗೆ ಸೂಪರ್‌ವೈಸರ್ ಬಂದರು. ಲಾರಿಯ ಮೇಲಿನ ದಿಮ್ಮಿ ನೋಡಿದರು, ಓಣಿ ನೋಡಿದರು, ಗೋಡೆ ನೆಟ್ಟಗಿದೆಯೇ ಎಂದು ನೋಡಿದರು.

"ಕ್ರೇನ್ ಎಲ್ಲಿಂದ ತರ್ಸಿದ್ರಿ ಮೇಡಂ?"

"ಮುದ್ದೇಬಿಹಾಳದಿಂದ ಸಾರ್," ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಚಕ್ರದ ಪಕ್ಕ ಕೂತು ಬೀಡಿ ಹಚ್ಚುತ್ತಿದ್ದ ಮೇಸ್ತ್ರಿಗೆ ಆಯಿತು. ಅವರು ನನ್ನ ಕಡೆ ನೋಡದೆಯೇ ಹೇಳಿದರು: "ಇವ್ಳನ್ನ ಒರೆ ಕಡೆ ಆಕ್ಬೇಡಿ ಅಕ್ಕಾ. ಕೈ ದಂಡ ಆಗೋಯ್ತದೆ."

ಅಷ್ಟು ಸಾಕಿತ್ತು. ಆಕೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ, ಜೋಮು ಇಲ್ಲ ತಾನೇ ಎಂದು ನೋಡಿಕೊಳ್ಳುತ್ತಿದ್ದಳು. ನಾನು ಹತ್ತಿರ ಹೋಗಿ, "ಕೇಳಿಸ್ತಲ್ಲ. ನಾಳೆಯಿಂದ ನೀನು ಗಡಾರಿ ಕಡೆ," ಅಂದೆ.

"ನಾಳೆ ಯಾಕ್ರಿ ಅಕ್ಕಾರ," ಎಂದು ಆಕೆ ಕೈ ಕೊಡವಿದಳು. "ಒಳಗ ಇನ್ನೊಂದು ತುಂಡು ಬಿದ್ದೈತಿ. ಬೆಳಕು ಹೋಗೂದ್ರಾಗ ತರೂನು. ಏಳ್ರಿ ಅಣ್ಣಾ, ಬಂದು ಕೂಗ್ರಿ."

ಮೇಸ್ತ್ರಿ ಹಚ್ಚಿದ ಬೀಡಿಯನ್ನು ಹಾಗೇ ನೆಲಕ್ಕೆ ಒರೆಸಿ, ಕಿವಿಗೆ ಸಿಕ್ಕಿಸಿಕೊಂಡು, ಎದ್ದರು.